ಕಿಟಕಿ ಕಡೆಗೆ ತಿರುಗಿಸಿದ ಕುರ್ಚಿಗಳು

ಹೆಮ್ಮೆ ಪಡಬಾರದು ಎಂದು ನಮ್ಮ ಸಭೆಯಲ್ಲಿ ಚಿಕ್ಕಂದಿನಿಂದ ಕಲಿಸುತ್ತಾರೆ. ನಾನೂ ಭಾನುವಾರದ ಶಾಲೆಯಲ್ಲಿ ಎಷ್ಟೋ ಮಕ್ಕಳ ತಲೆಗೆ ಅದನ್ನೇ ತುಂಬಿದ್ದೇನೆ. ಆದರೆ ಔರಾದಿನಲ್ಲಿ ನಡೆದ ಆ ಸಂಗತಿ ನೆನಪಾದಾಗಲೆಲ್ಲ ಪಾಠ ಮರೆತುಹೋಗುತ್ತದೆ. ಮರೆತರೆ ಮರೆಯಲಿ. ಒಬ್ಬರ ಮಾತು ಒಬ್ಬರಿಗೆ ಸೇರದ ನಾವು ಕೆಲವರು, ಒಬ್ಬ ಹುಡುಗನ ಗುಟ್ಟು ಬೀದಿಗೆ ಬೀಳದಂತೆ ನೋಡಿಕೊಂಡೆವು. ಅದನ್ನು ಹೇಳಿಬಿಟ್ಟಿದ್ದರೆ ನಮ್ಮ ಮೇಲಿದ್ದ ಪೊಲೀಸ್ ದೂರು ಅಂದೇ ಮುಗಿಯುತ್ತಿತ್ತು. ಹೇಳಲಿಲ್ಲ.

ಇದನ್ನು ಅಚ್ಚಿಗೆ ಕಳಿಸುವ ಮುಂಚೆ ಆ ಹುಡುಗನಿಗೇ ಓದಲು ಕೊಟ್ಟೆ. ಅವನು ತನ್ನ ಊರಿನ ಹೆಸರು ತೆಗೆಸಿದ, ಒಂದೆರಡು ಗುರುತು ಬದಲಿಸಿದ, ಎರಡು ಸಾಲು ಹೊಡೆದುಹಾಕಿದ. ಆಮೇಲೆ "ಉಳದದ್ದು ಛಾಪಸ್ರಿ ಅಕ್ಕೋರ" ಎಂದ.

ನಾನು ಆಪ್ತ ಸಮಾಲೋಚಕಿ. ಬೀದರಿನ ಚಿದ್ರಿಯಲ್ಲಿ ನಮ್ಮ ಸಭೆಯವರು ನಡೆಸುವ ಕೇಂದ್ರದಲ್ಲಿ ನನ್ನ ಕೆಲಸ. ವಾರಕ್ಕೊಂದು ದಿನ ಭಾಲ್ಕಿಗೆ ಹೋಗುತ್ತೇನೆ, ಶನಿವಾರ ಔರಾದಿಗೆ. ಔರಾದಿನಲ್ಲಿ ನಮ್ಮದೊಂದು ಸಣ್ಣ ಪ್ರಾರ್ಥನಾ ಮಂದಿರವಿದೆ. ಅದರ ಹಿಂದಿನ ಕೋಣೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು, ಬಯಲಿನ ಕಡೆಗೆ ಒಂದು ಕಿಟಕಿ. ಬಾಗಿಲು ಅರ್ಧ ತೆರೆದಿರುತ್ತದೆ. ಹೊರಗೆ ಕೂತವರಿಗೆ ನಾವು ಕಾಣಬೇಕು, ನಮ್ಮ ಮಾತು ಕೇಳಬಾರದು. ಈ ಅಳತೆ ಕೂಡಿಬರಲು ಕುರ್ಚಿಗಳನ್ನು ಎಲ್ಲಿಡಬೇಕೆಂದು ನಾನು ಮೊದಲ ದಿನ ಸಭಾಪಾಲಕರನ್ನು ಹೊರಗೆ ನಿಲ್ಲಿಸಿ, ಒಳಗಿನಿಂದ ಮಾತಾಡಿ ಮಾತಾಡಿ ಪರೀಕ್ಷೆ ಮಾಡಿದ್ದೆ. ಸಭಾಪಾಲಕರೆಂದರೆ ನಮ್ಮ ಪಾದ್ರಿಗಳು. ಶನಿವಾರ ಅವರಿಗೂ ಔರಾದಿನಲ್ಲಿ ಪ್ರಾರ್ಥನಾ ಕೂಟ ಇರುವುದರಿಂದ ಬೀದರಿನಿಂದ ಇಬ್ಬರೂ ಒಂದೇ ಬಸ್ಸು ಹತ್ತುತ್ತೇವೆ. ಅವರು ಮೃದು ಮನುಷ್ಯ. ನಾನು ಹಾಗಲ್ಲ, ನನ್ನ ಗಂಡನನ್ನು ಕೇಳಿದರೆ ಹೇಳುತ್ತಾರೆ.

ಕೋಣೆಗೆ ಯಾರು ಬಂದರೂ ನಾನು ಮೊದಲು ಹೇಳುವುದು ಇಷ್ಟು: "ಇಲ್ಲಿ ಆಡಿದ ಮಾತು ಇಲ್ಲೇ ಇರ್ತದ. ಯಾರದರ ಜೀವಕ್ಕ ಅಪಾಯ ಇದ್ರ ಮಾತ್ರ, ನಿಮಗ ಹೇಳಿ, ಬೇಕಾದವರಿಗೆ ತಿಳಸ್ತೇನಿ. ನಾ ಕ್ರಿಶ್ಚನ್ ಇದ್ದೇನಿ. ನಿಮ್ಮ ದೇವರು ನಿಮ್ಮ ಹಂತ್ಯಾಕೇ ಇರ್ಲಿ, ಅದನ್ನ ಬದಲು ಮಾಡ್ಲಿಕ್ಕ ನಾ ಇಲ್ಲಿ ಕೂತಿಲ್ಲ. ಬ್ಯಾಡ ಅನಸ್ತಂದ್ರ ಎದ್ದು ಹೋಗ್ರಿ, ನಾ ಸಿಟ್ಟಾಗಂಗಿಲ್ಲ." ನಮ್ಮ ಸಭೆಯವರು ಬಂದು ಕೇಳಿದರೆ ಅವರೊಂದಿಗೆ ಪ್ರಾರ್ಥನೆ ಮಾಡುತ್ತೇನೆ. ನಾನಾಗಿ ಯಾರಿಗೂ ಮಾಡೋಣವೇ ಎಂದು ಕೇಳುವುದಿಲ್ಲ. ಮತಾಂತರ ತಡೆಯುವ ಕಾಯ್ದೆ ಬಂದ ಮೇಲೆ ಕಲಿತ ಎಚ್ಚರಿಕೆ ಇದಲ್ಲ. ಕುರ್ಚಿಯಲ್ಲಿ ಕೂತವರು ಕಷ್ಟದಲ್ಲಿರುತ್ತಾರೆ. ಕಷ್ಟದಲ್ಲಿರುವವರು ಯಾವುದಕ್ಕೂ ಹೂಂ ಅನ್ನುತ್ತಾರೆ. ಅಂಥ ಹೂಂ ನನ್ನ ದೇವರಿಗೆ ಬೇಕಿಲ್ಲ ಎಂಬುದು ನನ್ನ ನಂಬಿಕೆ.

ಆ ಶನಿವಾರ ತಾಯಿ ಮಗ ಬಂದರು. ಔರಾದ್ ತಾಲ್ಲೂಕಿನ ಒಂದು ಹಳ್ಳಿಯವರು, ತಲೆಮಾರುಗಳಿಂದ ಕುರಿ ಸಾಕುವ ಮನೆತನ. ತಂದೆ ವರ್ಷದ ಹೆಚ್ಚು ಭಾಗ ಕುರಿಗಳ ಹಿಂದೆಯೇ ಇರುತ್ತಾನೆ. ಮನೆಯ ದೊಡ್ಡ ಮಾತುಗಳನ್ನೆಲ್ಲ ತಾಯಿಯ ಅಣ್ಣ, ಅಂದರೆ ಹುಡುಗನ ಸೋದರಮಾವ ತೀರ್ಮಾನಿಸುತ್ತಾನೆ. ಮಗ ಇಪ್ಪತ್ತು ದಾಟಿದವನು, ಭಾಲ್ಕಿಯ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕಣ್ಣು ಗುಳಿಬಿದ್ದಿತ್ತು, ಶರ್ಟು ಮೈಮೇಲೆ ಜೋಲುತ್ತಿತ್ತು. ತಾಯಿ ಹೆಗಲ ಮೇಲಿನ ಕಂಬಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೇ ಉಸಿರಿಗೆ ಹೇಳಿದಳು.

"ಬ್ಯಾಸಗಿಗಿ ಲಗ್ನ ಇಟ್ಕೊಂಡೇವ್ರಿ. ಹೆಣ್ಣು ಹೊರಗಿಂದಲ್ಲ, ನಮ್ಮ ಅಣ್ಣನ ಮಗಳು. ಈಗ ಇಂವ ಒಲ್ಲೆ ಅಂತಾನ. ಹೆಣ್ಣಿನ ಮ್ಯಾಲ ಮನಸೇ ಇಲ್ಲಂತ್ರಿ. ಗಂಡಿನ ಮ್ಯಾಲೇ ಹೋಗ್ತದಂತ. ನನ್ನ ಮುಂದ ಅಷ್ಟೇ ಹೇಳ್ಯಾನ, ಮತ್ತ ಯಾರಿಗೂ ಗೊತ್ತಿಲ್ಲ. ಗುಡಿಗಿ ಹೋಗಿ ಬಂದೇವಿ, ದರ್ಗಾಕ್ಕ ಹೋಗಿ ಬಂದೇವಿ. ಇಲ್ಲಿ ತಲಿ ಸರಿ ಮಾಡ್ತಾರಂತ ಅಂದ್ರು. ಸರಿ ಮಾಡ್ರಿ ಅಕ್ಕೋರ."

ಸರಿ ಮಾಡುತ್ತೇನೆ ಎಂದು ನಾನು ಹೇಳಲಿಲ್ಲ. ಅವನ ನಿದ್ದೆ, ಊಟ, ದುಃಖ ಇವುಗಳ ಬಗ್ಗೆ ಕೆಲಸ ಮಾಡುತ್ತೇನೆ ಎಂದೆ. ತಾಯಿಗೆ ಅದು ಸಾಲಲಿಲ್ಲ, ಮುಖದ ಮೇಲೆಯೇ ಕಂಡಿತು.

ಆಕೆಯನ್ನು ಹೊರಗೆ ಕೂರಿಸಿ ಹುಡುಗನ ಎದುರು ಕೂತೆ. ತರಬೇತಿಯಲ್ಲಿ ನಮಗೆ ಕಲಿಸುವುದು ಹಾಗೆ: ಎದುರಿಗೆ, ಸ್ವಲ್ಪ ಓರೆಯಾಗಿ, ಕಣ್ಣಿಗೆ ಕಣ್ಣು ಕೊಟ್ಟು, ಮುಂದಕ್ಕೆ ಬಾಗಿ. ನಾನು ಚಾಚೂ ತಪ್ಪದೆ ಬಾಗಿದೆ. ಅವನು ತುಟಿ ಪಿಟಕ್ಕೆನ್ನಲಿಲ್ಲ. ವೈಂಡಿಂಗ್ ಕೆಲಸದಲ್ಲಿ ಬೆರಳ ತುದಿಗೆ ಅಂಟಿದ ವಾರ್ನಿಷ್ ಕೆರೆಯುತ್ತ ಕೂತ. ಮುಂದಿನ ಶನಿವಾರವೂ ಅದೇ ಕಥೆ. ಅದರ ಮುಂದಿನ ವಾರ ಬರಲೇ ಇಲ್ಲ. ನನಗೆ ಅವನ ಮೇಲಲ್ಲ, ನನ್ನ ಮೇಲೆಯೇ ಸಿಟ್ಟು ಬಂತು. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತು ಕಲಿತದ್ದೇನು ಎನಿಸಿತು.

ತಾಯಿ ಮತ್ತೆ ಎಳೆದುಕೊಂಡು ಬಂದಳು. ಆ ದಿನ ನಾನು ಅವನ ದುಃಖದ ಸುದ್ದಿಯನ್ನೇ ತೆಗೆಯಲಿಲ್ಲ. ಕುರಿ ಕಾಯಲು ಬರುತ್ತದೆಯೇ ಎಂದು ಕೇಳಿದೆ.

"ಹುಟ್ಟಿದಾಗಿಂದ ಅದೇ ಅಲ್ರಿ."

"ಇಡೀ ದಿನ ಬಯಲಾಗ ಇರ್ತಿದ್ದಿ. ಯಾರ ಸಂಗಟ ಮಾತಾಡ್ತಿದ್ದಿ?"

"ಮಾವನ ಸಂಗಟ್ರಿ. ಭಾಳ ಮಾತಾಡ್ತಿದ್ವಿ."

"ನನ್ನ ಸಂಗಟ ಮಾತಾಡವೊಲ್ಲಿ."

ಅವನು ಮೊದಲ ಸಲ ತುಸು ನಕ್ಕ. "ಹಿಂಗ ಎದರಾಬದರಾ ಕೂತು ಮಾತಾಡಂಗಿಲ್ರಿ ನಾವು. ಮುಖ ನೋಡ್ಕೋತ ಕೂತ್ರ ಕುರಿ ಹೋಗಿ ಮಂದಿ ಹೊಲದಾಗ ಬೀಳ್ತಾವ. ಕುರಿ ಕಡಿ ನೋಡ್ಕೋತ, ಒಬ್ಬರ ಬಾಜೂಕ ಒಬ್ಬರು ನಿಂತು ಮಾತಾಡ್ತೇವಿ."

ನಾನು ಎದ್ದೆ. ಇಷ್ಟು ಕಷ್ಟಪಟ್ಟು ಜಾಗ ಹೊಂದಿಸಿದ್ದ ಎರಡೂ ಕುರ್ಚಿಗಳನ್ನು ಕಿಟಕಿಯ ಕಡೆಗೆ ತಿರುಗಿಸಿ ಅಕ್ಕಪಕ್ಕ ಇಟ್ಟೆ. ಕೂತೆವು. ಹೊರಗೆ ಕೊಯ್ಲು ಮುಗಿದ ತೊಗರಿಯ ಹೊಲ, ಆಚೆ ಒಂದು ಬೇವಿನ ಮರ. ಅವನು ಮರವನ್ನು ನೋಡುತ್ತ ಕುರ್ಚಿಗೆ ಒರಗಿದ. ಆಮೇಲೆ ಮಾತು ಶುರುವಾಯಿತು. ಹೈಸ್ಕೂಲಿನಿಂದಲೇ ತನಗೆ ಗೊತ್ತಿದ್ದದ್ದು, ಗೊತ್ತಿಲ್ಲದವನಂತೆ ನಟಿಸಿದ್ದು, ಭಾಲ್ಕಿಯಲ್ಲಿ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಿದ್ದು, ಮಾವನ ಮಗಳಿಗೆ ಮೋಸ ಮಾಡಲಾರೆ ಎಂಬುದು. ನಾನು ಅವನ ಕಡೆ ತಿರುಗಲಿಲ್ಲ. ಬೇವಿನ ಮರವನ್ನೇ ನೋಡುತ್ತ ಕೇಳಬೇಕಾದದ್ದನ್ನು ನೇರವಾಗಿ ಕೇಳಿದೆ: ಸಾಯುವ ವಿಚಾರ ಬಂದಿದೆಯೇ? ಬಂದಿದೆ ಎಂದ. ಕುರಿಗಳ ಮೈಯ ಉಣ್ಣಿ ಸಾಯಲು ಹಾಕುವ ಔಷಧ ಮನೆಯಲ್ಲಿತ್ತು, ಒಮ್ಮೆ ಅದರ ಹತ್ತಿರ ಹೋಗಿ ನಿಂತಿದ್ದನಂತೆ.

ಮೊದಲ ದಿನ ಹೇಳಿದ ಮಾತನ್ನು ನೆನಪಿಸಿದೆ. ಜೀವದ ಸಂಗತಿಯಷ್ಟನ್ನೇ ತಾಯಿಗೆ ಹೇಳುತ್ತೇನೆ, ಉಳಿದದ್ದಿಲ್ಲ ಎಂದೆ. ಒಪ್ಪಿದ. ತಾಯಿ ಅಂದೇ ಔಷಧದ ಡಬ್ಬಿಯನ್ನು ಮನೆಯಿಂದ ಸಾಗಿಸಿದಳು. ಅದೇ ವಾರ ಬೀದರಿನ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದೆ. ಡಾಕ್ಟರು ಖಿನ್ನತೆಗೆ ಗುಳಿಗೆ ಬರೆದರು. ತಾಯಿಗೆ ಬಿಡಿಸಿ ಹೇಳಿದರು: "ನಿದ್ದಿ ಬರ್ತದ, ಊಟ ಸೇರ್ತದ, ಅಂಜಿಕಿ ಕಡಿಮಿ ಆಗ್ತದ. ಗಂಡಿನ ಮ್ಯಾಲ ಮನಸು ಹೋಗೋದು ರೋಗ ಅಲ್ಲಮ್ಮ, ಅದಕ್ಕ ಗುಳಿಗಿ ಇಲ್ಲ. ಗುಳಿಗಿ ಕೊಡ್ತೇನಿ ಅಂದವರ ಹಂತ್ಯಾಕ ಹೋಗಬ್ಯಾಡ್ರಿ." ಹೊರಗೆ ಬಂದ ತಾಯಿ ನನ್ನ ಸೆರಗು ಹಿಡಿದು, ಹೈದರಾಬಾದಿನಲ್ಲಿ ಇವರಿಗಿಂತ ದೊಡ್ಡ ಡಾಕ್ಟರು ಇರಬಹುದಲ್ಲ ಎಂದು ಕೇಳಿದಳು.

ಇಷ್ಟರಲ್ಲಿ ವಿಷಯ ಸಭಾಪಾಲಕರಿಗೂ ಗೊತ್ತಾಗಿತ್ತು. ನಾನು ಹೇಳಿದ್ದಲ್ಲ. ಕೋಣೆಯ ಹೊರಗೆ ಕಾಯುತ್ತ ಕೂತಾಗ ತಾಯಿಯೇ ಅವರ ಮುಂದೆ ಕಣ್ಣೀರು ಹಾಕಿ ಎಲ್ಲವನ್ನೂ ಹೇಳಿಕೊಂಡಿದ್ದಳು. ಬಸ್ಸಿನಲ್ಲಿ ಅವರು ಆ ಸುದ್ದಿ ತೆಗೆದರು.

"ಸಿಸ್ಟರ್, ಧರ್ಮಗ್ರಂಥದಾಗ ಈ ವಿಷಯ ಏನದ ಅಂತ ನಿಮಗ ನಾ ಹೇಳೋದು ಬ್ಯಾಡ. ದೇವರು ಮನಸು ಬದಲು ಮಾಡಬಲ್ಲ. ಅದನ್ನ ಆ ಹುಡುಗಗ ಹೇಳಬೇಕಲ್ಲ?"

"ನಿಮ್ಮ ಪೀಠದ ಮ್ಯಾಲ ನಿಂತು ಹೇಳ್ರಿ ಅಯ್ನೋರ, ಅದು ನಿಮ್ಮ ಹಕ್ಕು. ನನ್ನ ಕೋಣ್ಯಾಗ ಬದಲು ಮಾಡ್ತೇವಿ ಅಂತ ಮಾತು ಕೊಡಬ್ಯಾಡ್ರಿ. ಹಂಗ ಮಾತು ಕೊಟ್ಟಲ್ಲಿ ಹುಡುಗೂರು ಸತ್ತಾವ. ನಾ ನೋಡೀನಿ."

"ಹಂಗಾದ್ರ ಅದು ತಪ್ಪಲ್ಲ ಅಂತೀರೇನು?"

ನಾನು ಕಿಟಕಿಯ ಹೊರಗೆ ನೋಡುತ್ತ ಹೇಳಿದೆ: "ನನಗ ಅನಸೋದು, ದೇವರು ಆ ಹುಡುಗನ್ನ ತಪ್ಪಿ ಮಾಡಿಲ್ಲ. ನಿಮಗ ಬ್ಯಾರೆ ಅನಸ್ತದ. ಇಬ್ಬರೂ ಒಂದೇ ಬಸ್ಸಿನಾಗ ಕೂತೇವಿ."

ಊರು ಹತ್ತಿರ ಬಂದಾಗ ಅವರು ಹೇಳಿದರು, "ಒಂದು ಮಾತ್ರ ಖರೆ. ಮನಸಿಲ್ಲದವನ್ನ ಲಗ್ನದ ಹಸಿ ಜಗುಲಿ ಮ್ಯಾಲ ನಿಲ್ಲಿಸಿ ಸುಳ್ಳು ವಚನ ಹೇಳಸೋದು ಯಾವ ದೇವರ ಮುಂದನೂ ಪಾಪ. ಲಗ್ನ ಇಲ್ಲದ ಬಾಳೋದೂ ಒಂದು ಬಾಳೇ ಅದ." ನನ್ನ ದಾರಿಯೂ ಅವರ ದಾರಿಯೂ ಸೇರಿದ್ದು ಅಷ್ಟೇ ಜಾಗದಲ್ಲಿ. ಸದ್ಯಕ್ಕೆ ಅಷ್ಟು ಸಾಕಾಗಿತ್ತು.

ಹುಡುಗನ ಭೇಟಿಗಳನ್ನು ಭಾಲ್ಕಿಗೆ ಬದಲಿಸಿದೆ, ಅಂಗಡಿಯಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಬಂದು ಹೋಗುತ್ತಿದ್ದ. ಔರಾದಿನ ಶನಿವಾರಗಳು ತಾಯಿಗೆ ಮೀಸಲಾದವು. ಆಕೆಯನ್ನೂ ಕಿಟಕಿಯ ಕಡೆಗೆ ಕೂರಿಸಿದೆ. ಆಕೆ ಮಗನನ್ನು ಬೈದಳು, ತನ್ನ ಹೊಟ್ಟೆಯನ್ನು ಬೈದುಕೊಂಡಳು, ಭಾಲ್ಕಿಯ ನೀರನ್ನು ಬೈದಳು. ಬೈಯುವುದು ಮುಗಿಯಲಿ ಎಂದು ಕಾದೆ. ಮೂರನೆಯ ವಾರವೋ ನಾಲ್ಕನೆಯ ವಾರವೋ, ಒಂದು ಪ್ರಶ್ನೆ ಕೇಳಿದೆ.

"ನಿಮ್ಮ ಅಣ್ಣನ ಮಗಳು ಹ್ಯಾಂಗದಾಳ?"

ಆಕೆಯ ದನಿಯೇ ಬದಲಾಯಿತು. "ನಾ ಎತ್ತಿ ಆಡಿಸಿದ ಕೂಸ್ರಿ ಅದು. ನನ್ನ ಕಂಬಳ್ಯಾಗ ಮಲಗಿ ದೊಡ್ಡಾಕಿ ಆಗ್ಯಾಳ."

"ಈ ಲಗ್ನ ಆದ್ರ ಆಕಿ ಗತಿ ಏನು?"

ಆಕೆ ಕಂಬಳಿಯ ಅಂಚಿನ ಒಂದು ಎಳೆಯನ್ನು ಎಳೆದು ಎಳೆದು ಕಿತ್ತಳು. ಆಮೇಲೆ ಎದ್ದು ನಿಂತು, "ಲಗ್ನ ಬ್ಯಾಡ್ರಿ. ಅಣ್ಣಗ ನಾನೇ ಹೇಳ್ತೇನಿ. ಕಾರಣ ಏನಂತ ಹೇಳ್ಲಿ, ಅದು ನನಗ ತಿಳಿವಲ್ದು" ಎಂದಳು. ಕಾರಣ ಮಗನದು, ಅವನು ಹೇಳೆಂದರೆ ಮಾತ್ರ ಹೇಳಬೇಕು ಎಂದೆ. ತಲೆಯಾಡಿಸಿದಳು. ಆ ದಿನ ಆಕೆ ಬಾಗಿಲು ದಾಟುವಾಗ ನನ್ನ ಕೆಲಸದ ಬಗ್ಗೆ ನನಗೆ ನಿಜವಾಗಿ ಅಭಿಮಾನವೆನಿಸಿತು. ಅದು ಹತ್ತು ನಿಮಿಷವೂ ಉಳಿಯಲಿಲ್ಲ.

ಹುಡುಗನೂ ಆ ದಿನ ತಾಯಿಯನ್ನು ಕರೆದೊಯ್ಯಲು ಬಂದಿದ್ದ. ಮಂದಿರದ ಮುಂದಿನ ಕಟ್ಟೆಯ ಮೇಲೆ ಸಭಾಪಾಲಕರು ನಮ್ಮ ಸಭೆಯ ಒಬ್ಬ ಮುದುಕಿಯ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ಕಾಯಿಲೆಯವರಿಗೆ ಹೀಗೆ ಎಣ್ಣೆ ಹಚ್ಚುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ತಾಯಿ ಅದನ್ನು ನೋಡಿದಳು. ಒಳ್ಳೆಯದು ಎಲ್ಲಿ ಕಂಡರೂ ಕೈಯೊಡ್ಡುವ ಹೆಂಗಸು ಆಕೆ. ಮಗನನ್ನು ಎಳೆದುಕೊಂಡು ಹೋಗಿ ನಿಂತಳು. "ನಮಗೂ ಹಚ್ಚರಿ ಅಯ್ನೋರ" ಎಂದಳು. ಅವರು ಹಚ್ಚಿದರು. ಹಚ್ಚಿ, ಇಬ್ಬರ ತಲೆಯ ಮೇಲೂ ಕೈಯಿಟ್ಟು, ರಸ್ತೆಗೆ ಕೇಳಿಸುವಂತೆ ಪ್ರಾರ್ಥನೆ ಮಾಡಿದರು. ನಾನು ಕೋಣೆಗೆ ಬೀಗ ಹಾಕಿ ಹೊರಗೆ ಬರುವ ಹೊತ್ತಿಗೆ ಆಮೆನ್ ಆಗಿತ್ತು.

ಆಕೆ ಕೇಳಿದಳು, ಸಭಾಪಾಲಕರು ಹಚ್ಚಿದರು. ಇಬ್ಬರ ಮನಸ್ಸಿನಲ್ಲೂ ಕಪಟವಿಲ್ಲ. ಆದರೆ ಎದುರಿನ ಚಹಾದ ಅಂಗಡಿಯಲ್ಲಿ ಕೂತವರಿಗೆ ಕಂಡದ್ದು, ಕುರಿಯವರ ಮಗನ ತಲೆಯ ಮೇಲೆ ಪಾದ್ರಿಯ ಕೈ. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅವರೊಡನೆ ಮಾತಾಡಲಿಲ್ಲ, ಬೇರೆ ಸೀಟಿನಲ್ಲಿ ಕೂತೆ.

ಮುಂದಿನದು ಸರಸರನೆ ನಡೆಯಿತು. ತಾಯಿ ತನ್ನ ಅಣ್ಣನ ಮನೆಗೆ ಹೋಗಿ ಲಗ್ನ ಬೇಡವೆಂದಳು. ಯಾಕೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಅದೇ ವಾರ ಚಹಾದ ಅಂಗಡಿಯ ಸುದ್ದಿಯೂ ಅಣ್ಣನ ಕಿವಿಗೆ ಬಿತ್ತು. ಅವನು ಎರಡನ್ನೂ ಕೂಡಿಸಿದ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಕೂಡಿಸುತ್ತಿದ್ದೆ. ಕಿರಿಸ್ತಾನರು ನನ್ನ ಅಳಿಯನ ತಲೆ ತಿರುಗಿಸಿ ತಮ್ಮೊಳಗೆ ಸೇರಿಸಿಕೊಳ್ಳುತ್ತಿದ್ದಾರೆ, ಅದಕ್ಕೇ ಅವನು ನಮ್ಮ ಹೆಣ್ಣನ್ನು ಬಿಡುತ್ತಿದ್ದಾನೆ ಎಂದು ಔರಾದಿನ ಠಾಣೆಗೆ ಅರ್ಜಿ ಕೊಟ್ಟ. ರಕ್ತಸಂಬಂಧಿ ದೂರು ಕೊಟ್ಟರೆ ಪೊಲೀಸರು ಕೇಳಲೇಬೇಕು. ಸಭಾಪಾಲಕರಿಗೂ ನನಗೂ ಬರಹೇಳಿ ಕಳಿಸಿದರು.

ಠಾಣೆಗೆ ಹೋಗುವ ಮುಂಚೆ ಬೀದರಿನಲ್ಲಿ ನಮ್ಮ ಸಭೆಯ ಸಮಿತಿ ಕೂಡಿತು. ಕಾರ್ಯದರ್ಶಿಗಳು ಹಿರಿಯರು, ನಿವೃತ್ತ ಹೆಡ್‌ಮಾಸ್ತರರು, ನನ್ನನ್ನು ಸಣ್ಣವಳಿದ್ದಾಗಿಂದ ಬಲ್ಲವರು.

"ತಂಗಿ, ಆ ಹುಡುಗ ಯಾಕ ಬರ್ತಿದ್ದ ಅಂತ ಒಂದ್ ಮಾತು ಹೇಳಿಬಿಡವ್ವ. ಮತಾಂತರಕ್ಕ ಬಂದಿದ್ದಿಲ್ಲ, ಇಂಥದ್ದಕ್ಕ ಬಂದಿದ್ದ ಅಂತ. ಅಲ್ಲಿಗೆ ಮುಗೀತು. ಅಯ್ನೋರಿಗೆ ಎರಡು ಹೆಣ್ಣುಮಕ್ಕಳವ. ಕೇಸ್ ಆದ್ರ ಔರಾದಿನ ಮಂದಿರಕ್ಕ ಬೀಗ ಬೀಳ್ತದ."

"ಹೇಳಂಗಿಲ್ರಿ ಅಣ್ಣಾರ. ಅದು ಅವನ ಮಾತು, ನಂದಲ್ಲ."

"ಬ್ಯಾರೆ ಧರ್ಮದ ಹುಡುಗನ ಸಲುವಾಗಿ ನಮ್ಮ ಸಭಾ ಮುಳುಗಸ್ತಿಯೇನು?"

ಬೇರೆ ಧರ್ಮದವನೆಂದೇ ಇನ್ನೂ ಹೆಚ್ಚು ಕಾಯಬೇಕು, ನಮ್ಮನ್ನು ನಂಬಿ ನಮ್ಮ ಹೊಸ್ತಿಲು ದಾಟಿ ಬಂದವನು ಎಂದೆ. ನನ್ನ ದನಿ ಏರಿತ್ತು. ನಾವು ನಮ್ಮ ದೇವರನ್ನು ನಮಗೆ ಬೇಕಾದಂತೆ ಆರಾಧಿಸಲು ಬಿಡಿ ಎಂದು ಜಗತ್ತನ್ನು ಕೇಳುತ್ತೇವೆ. ಒಬ್ಬನು ತನ್ನ ಮನದ ಮಾತು ತನ್ನಲ್ಲೇ ಇಟ್ಟುಕೊಳ್ಳಲು ನಾವು ಬಿಡದಿದ್ದರೆ ಯಾವ ಮುಖದಿಂದ ಕೇಳುವುದು? ಇದನ್ನೂ ಹೇಳಿದೆ. ಕಾರ್ಯದರ್ಶಿಗಳು ನನ್ನ ಕಡೆ ನೋಡುವುದು ಬಿಟ್ಟು ಸಭಾಪಾಲಕರ ಕಡೆ ತಿರುಗಿದರು. ಅವರಿಗೂ ಗೊತ್ತಿರಬೇಕಲ್ಲ, ಅವರೇ ಹೇಳಲಿ ಎಂಬುದು ಆ ನೋಟದ ಅರ್ಥ.

ನಮ್ಮಿಬ್ಬರ ನಡುವೆ ಎಣ್ಣೆಯ ಸಿಟ್ಟು ಇನ್ನೂ ಇತ್ತು. ಹುಡುಗನ ವಿಷಯದಲ್ಲಿ ಅವರ ನಂಬಿಕೆ ಏನೆಂದು ನನಗೆ ಗೊತ್ತಿತ್ತು. ಆರೋಪ ಇದ್ದದ್ದು ಅವರ ಮೇಲೆ. ಅವರು ಕನ್ನಡಕ ತೆಗೆದು ಒರೆಸಿದರು.

"ಆ ತಾಯಿ ನನ್ನ ಮುಂದ ಅತ್ತು ಹೇಳಿದ ಮಾತು ಅದು. ಅತ್ತು ಹೇಳಿದ್ದನ್ನ ಠಾಣಾದಾಗ ಹೇಳ್ಲಿಕ್ಕ ನನ್ನಿಂದ ಆಗಂಗಿಲ್ಲ. ಎಣ್ಣಿ ಹಚ್ಚೀನಿ, ಖರೆ. ಅದರದ್ದು ಏನಿದ್ದರೂ ನನ್ನ ಮ್ಯಾಲ ಬರ್ಲಿ." ಕನ್ನಡಕ ಹಾಕಿಕೊಂಡು, "ನಾಳಿಗಿ ಎಷ್ಟರ ಬಸ್ಸು ಸಿಸ್ಟರ್?" ಎಂದರು.

ಮರುದಿನ ನಾನು ಅವರ ಪಕ್ಕದ ಸೀಟಿನಲ್ಲಿಯೇ ಕೂತೆ.

ಠಾಣೆಯಲ್ಲಿ ಪಿ.ಎಸ್.ಐ. ಒಳ್ಳೆಯ ಮನುಷ್ಯ. ಮೇಜಿನ ಆಚೆ ಅವರು, ಈಚೆ ಒಂದು ಸಾಲಿನಲ್ಲಿ ನಾವು, ಎದುರು ಸಾಲಿನಲ್ಲಿ ಸೋದರಮಾವ, ತಾಯಿ, ಹುಡುಗ. ಮಾವ ಎತ್ತರದ ಆಳು, ತಲೆಗೆ ರುಮಾಲು, ಮುಖ ಕಲ್ಲಿನಂತೆ ಬಿಗಿದುಕೊಂಡಿದ್ದ.

"ಮೇಡಂ, ಈ ಹುಡುಗ ನಿಮ್ಮಲ್ಲಿ ಯಾಕ ಬರ್ತಿದ್ದ? ಒಂದ್ ಮಾತು ಹೇಳ್ರಿ, ನಾ ಇಲ್ಲೇ ಮುಗಸ್ತೇನಿ."

"ನಿದ್ದಿ ಇದ್ದಿಲ್ರಿ, ಊಟ ಸೇರ್ತಿದ್ದಿಲ್ಲ. ಸರ್ಕಾರಿ ಡಾಕ್ಟರಿಗೆ ತೋರಿಸೇನಿ, ಗುಳಿಗಿ ನಡದಾವ. ಇದಕ್ಕಿಂತ ಹೆಚ್ಚು ಹೇಳ್ಲಿಕ್ಕ ಬರಂಗಿಲ್ಲ. ಕೋರ್ಟು ಹೇಳಂದ್ರ ಜಡ್ಜ್ ಸಾಹೇಬರ ಮುಂದ ಹೇಳ್ತೇನಿ."

"ಅಯ್ನೋರ, ನೀವು?"

"ನಂದೂ ಅಷ್ಟೇ ರಿ."

ಪಿ.ಎಸ್.ಐ. ಪೆನ್ನು ಕೆಳಗಿಟ್ಟರು. "ನಿಮ್ಮಿಬ್ಬರಿಗೂ ತಿಳೀವಲ್ದು. ಸುಮ್ಮಕ ಇದ್ದಷ್ಟೂ ಸಂಶೇ ಬೆಳೀತದ."

"ನೋಡ್ರಿ ಸಾಹೇಬ್ರ," ಎಂದ ಮಾವ, "ಎಣ್ಣಿ ಹಚ್ಚಿ ಸೇರಿಸ್ಕೊಂಡಾರ. ಅದಕ್ಕೇ ಬಾಯಿ ಬಿಡವಲ್ರು."

ಆಗ ತಾಯಿ ಮಾತಾಡಿದಳು. ಅಲ್ಲಿಯವರೆಗೂ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. "ಎಣ್ಣಿ ನಾ ಕೇಳಿ ಹಚ್ಚಿಸ್ಕೊಂಡೀನಿ ಅಣ್ಣಾ. ಇವ ಕೂಸಿದ್ದಾಗ ಮೈ ಸುಡ್ತಿತ್ತಂತ ನೀನೇ ಹೆಗಲ ಮ್ಯಾಲ ಹೊತ್ಕೊಂಡು ದರ್ಗಾಕ್ಕ ಹೋಗಿ ಹಣಿಗಿ ಊದಿನ ಬೂದಿ ಹಚ್ಚಿಸ್ಕೊಂಡು ಬಂದಿದ್ದಿ. ಅವತ್ತು ನಾವು ಮುಸಲ್ಮಾನರು ಆದ್ವೇನು?"

ಮೂಲೆಯಲ್ಲಿ ನಿಂತಿದ್ದ ಪೇದೆ ನಗು ನುಂಗಿಕೊಂಡ. ಮಾವ ತಲೆ ತಗ್ಗಿಸಿದ, ಆದರೆ ಬಿಡಲಿಲ್ಲ. "ಆತು. ಎಣ್ಣಿ ಮಾತು ಬಿಡ್ತೇನಿ. ನನ್ನ ಮಗಳನ್ನ ಯಾಕ ಒಲ್ಲೆ ಅಂತಾನ? ಕಾರಣ ಹೇಳ್ಲಿ. ಆಕಿಗೇನು ಕೊರತಿ ಅದ? ನಾ ಊರಾಗ ತಲಿ ಎತ್ತಿ ಹ್ಯಾಂಗ ತಿರಗಾಡ್ಲಿ?"

ಎಲ್ಲರೂ ಹುಡುಗನ ಕಡೆ ನೋಡಿದರು. ಅವನ ಎದುರಿಗೆ ತಿರುಗಿ ಕೂತ ಮಾವ, ಪಕ್ಕದಲ್ಲಿ ಪೊಲೀಸರು, ಎಲ್ಲರ ಕಣ್ಣೂ ಅವನ ಮುಖದ ಮೇಲೆ. ಅವನ ಬೆರಳು ವಾರ್ನಿಷ್ ಕೆರೆಯತೊಡಗಿತು. ಮೊದಲೆರಡು ಶನಿವಾರ ನನ್ನೆದುರು ಹೇಗೆ ಕೂತಿದ್ದನೋ ಹಾಗೇ ಕೂತಿದ್ದ. ಉಣ್ಣಿಯ ಔಷಧದ ನೆನಪಾಯಿತು. ಇವತ್ತು ಇವನು ಹೀಗೆಯೇ ಮನೆಗೆ ಹೋಗಬಾರದು ಎನಿಸಿತು.

"ಸಾಹೇಬ್ರ, ಒಂದು ಕೇಳ್ತೇನಿ. ಮಾವ ಅಳಿಯ ಇಬ್ಬರನ್ನೂ ಹೊರಗಿನ ಬಾಕಿನ ಮ್ಯಾಲ ಕೂಡಸ್ರಿ. ರಸ್ತಾದ ಕಡಿ ಮುಖ ಮಾಡಿ, ಒಬ್ಬರ ಬಾಜೂಕ ಒಬ್ಬರು. ಹೇಳೋದು ಬಿಡೋದು ಅವನ ಖುಷಿ. ನಾವು ಯಾರೂ ಹತ್ರ ಹೋಗೋದು ಬ್ಯಾಡ."

"ಇದ್ಯಾವ ಕಾನೂನ್ರಿ ಮೇಡಂ?"

"ಕಾನೂನಲ್ರಿ. ಕುರಿ ಕಾಯೋರ ಪದ್ಧತಿ."

ಪಿ.ಎಸ್.ಐ. ಮಾವನ ಮುಖ ನೋಡಿದರು. ಮಾವ ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು, ಹುಬ್ಬು ಸಡಿಲವಾಯಿತು. ರುಮಾಲು ಸರಿಮಾಡಿಕೊಂಡು ಎದ್ದು, "ಬಾರಲೇ" ಎಂದ.

ಜಗುಲಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಕಿಟಕಿಯಿಂದ ನಮಗೆ ಎರಡು ಬೆನ್ನು ಕಾಣುತ್ತಿದ್ದವು, ಮಾತು ಕೇಳುತ್ತಿರಲಿಲ್ಲ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋಯಿತು, ಒಬ್ಬ ಬಾಳೆಹಣ್ಣಿನ ಬಂಡಿ ನೂಕಿಕೊಂಡು ಹೋದ. ಆಮೇಲೆ ಹುಡುಗನ ಹೆಗಲು ಕದಲಿತು, ಮಾತಾಡುತ್ತಿದ್ದಾನೆ ಎಂದು ಗೊತ್ತಾಯಿತು. ಮಾವ ಅವನ ಕಡೆ ತಿರುಗಲಿಲ್ಲ. ರಸ್ತೆಯನ್ನೇ ನೋಡುತ್ತ ಕೂತ. ಸಭಾಪಾಲಕರು ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡಿದ್ದರು, ತುಟಿ ಮಾತ್ರ ಅಲುಗುತ್ತಿತ್ತು. ನಾನೂ ಮನಸ್ಸಿನಲ್ಲೇ ಪ್ರಾರ್ಥಿಸಿದೆ, ಯಾರಿಗೂ ಕಾಣದಂತೆ. ಅಂತೂ ಒಂದು ಹೊತ್ತಿನಲ್ಲಿ ಮಾವ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಬಿಚ್ಚಿದ ರುಮಾಲನ್ನು ಹುಡುಗನ ಕೈಗೆ ಕೊಟ್ಟ, ಅವನೂ ಒರೆಸಿಕೊಂಡ.

ಆ ಬೆಂಚಿನ ಮೇಲೆ ಹುಡುಗ ಏನು ಹೇಳಿದ, ಮಾವ ಏನೆಂದ ಎಂಬುದನ್ನು ಅವನು ಆಮೇಲೆ ನನಗೆ ಹೇಳಿದ್ದ. ಅವನು ಹೊಡೆದುಹಾಕಿದ ಎರಡು ಸಾಲು ಅವೇ.

ಮಾವ ಒಳಗೆ ಬಂದು ನಿಂತುಕೊಂಡೇ ಹೇಳಿದ, "ಅರ್ಜಿ ವಾಪಸ್ ತಗೋತೇನ್ರಿ."

"ಕಾರಣ?"

"ನನಗ ತಿಳದದ. ಸಾಕು. ಇವರು ನನ್ನ ಅಳಿಯನ್ನ ಕೆಡಿಸಿಲ್ಲ."

ಪಿ.ಎಸ್.ಐ. ಇನ್ನೂ ಏನೋ ಕೇಳಲು ಬಾಯಿ ತೆರೆದರು. ಮಾವ ಅದೇ ಕಲ್ಲು ಮುಖ ಮಾಡಿಕೊಂಡು ನಿಂತಿದ್ದ. ಈಗ ಅವನೂ ನಮ್ಮ ಸಾಲಿಗೆ ಸೇರಿದ, ಗುಟ್ಟು ಕಾಯುವವರ ಸಾಲಿಗೆ. ಪಿ.ಎಸ್.ಐ. ಬಾಯಿ ಮುಚ್ಚಿದರು.

ಹೊರಗೆ ಬಂದಾಗ ಮಾವ ನನ್ನ ಹತ್ತಿರ ನಿಂತ. "ನನ್ನ ಮಗಳ ಲಗ್ನ ನಿಂತದ. ನಿಮಗ ಶಾಬಾಸ್ ಅನ್ನಂಗಿಲ್ಲ ನಾ." ಅನ್ನಬೇಡಿ ಎಂದೆ. ಎರಡು ಹೆಜ್ಜೆ ಹೋಗಿ ತಿರುಗಿದ. "ಗುಳಿಗಿ ನಡುವ ಬಿಡಬಾರದಲ್ರಿ? ನಾ ನೋಡ್ಕೋತೇನಿ."

ಗೇಟಿನ ಹತ್ತಿರ ತಾಯಿ ಸಭಾಪಾಲಕರನ್ನು ಅಡ್ಡಗಟ್ಟಿದ್ದಳು. "ಎಣ್ಣಿ ಅದೇನ್ರಿ ಅಯ್ನೋರ? ಮೊಳಕಾಲು ಭಾಳ ನೋಯ್ತಾವ." ಅವರು ಗಾಬರಿಯಾಗಿ ಮೊದಲು ಠಾಣೆಯ ಕಡೆ, ಆಮೇಲೆ ನನ್ನ ಕಡೆ ನೋಡಿದರು. "ನಿಮ್ಮ ಅಣ್ಣನ್ನ ಒಂದ್ ಮಾತು ಕೇಳ್ರಿ" ಎಂದರು. "ಮೊಳಕಾಲು ನಂದು. ಅಣ್ಣನ್ನ ಯಾಕ ಕೇಳ್ಲಿ?" ಎಂದಳು ಆಕೆ. ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ನಮ್ಮ ಸಭೆಯ ಗೋಷ್ಠಿಗಳಲ್ಲಿ ತಾಸುಗಟ್ಟಲೆ ಕೇಳಿದ್ದೇನೆ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಅವರು ಅಲ್ಲೇ ಗೇಟಿನ ಪಕ್ಕದ ಒಂದು ಬೇವಿನ ನೆರಳಿನಲ್ಲಿ ಚೀಲದಿಂದ ಎಣ್ಣೆಯ ಸೀಸೆ ತೆಗೆದು ಕೊಟ್ಟರು, ಹಚ್ಚಿಕೊಂಡಳು. ಅವಳ ಅಣ್ಣ ಬೀಡಿ ಸೇದುತ್ತ ಬೇರೆ ಕಡೆ ನೋಡುತ್ತಿದ್ದ.

ಮಾವನ ಮಗಳು ಮರುವರ್ಷ ಕಮಲನಗರದ ಕಡೆಯ ಮನೆಗೆ ಸೊಸೆಯಾಗಿ ಹೋದಳು. ಲಗ್ನದ ಮಂಟಪಕ್ಕೆ ದೀಪದ ಸರ ಕಟ್ಟಿದವನು ನಮ್ಮ ಹುಡುಗನೇ. ಮೈ ತುಂಬಿಕೊಂಡಿದ್ದ, ಡಾಕ್ಟರು ಗುಳಿಗೆ ಕಡಿಮೆ ಮಾಡಿದ್ದರು. ಔರಾದಿನ ಕೋಣೆಯಲ್ಲಿ ನನ್ನ ಕುರ್ಚಿಗಳು ಈಗಲೂ ಕಿಟಕಿಯ ಕಡೆಗೇ ಇವೆ. ಮುಖ ನೋಡಿ ಮಾತಾಡುವವರು ಬಂದರೆ ತಿರುಗಿಸಿಕೊಳ್ಳುತ್ತೇನೆ, ಅಂಥವರು ಕಡಿಮೆ.

ಕೊನೆಯ ಭೇಟಿಯ ದಿನ ಹುಡುಗ ಔರಾದಿಗೇ ಬಂದಿದ್ದ. ಬೇವಿನ ಮರ ನೋಡುತ್ತ ಕೇಳಿದ, "ಅಯ್ನೋರಿಗೆ ನನ್ನ ಬಗ್ಗೆ ಏನ್ ಅನಸ್ತದ್ರಿ?"

"ನೀ ಬಾಳೋ ರೀತಿ ಅವರಿಗೆ ಸೇರಂಗಿಲ್ಲ. ಕೇಳಿದ್ರ ನಿನ್ನ ಎದುರಿಗೇ ಹೇಳ್ತಾರ. ಆದ್ರ ನಿನ್ನ ಮಾತು ಮಂದಿ ಮುಂದ ಇಡೋದಕ್ಕಿಂತ ಜೇಲಿಗೆ ಹೋಗ್ಲಿಕ್ಕ ತಯಾರ್ ಇದ್ರು."

ಸಂಜೆ ನಾನು ಬೀಗ ಹಾಕಿ ಬಸ್ ನಿಲ್ದಾಣಕ್ಕೆ ಬಂದಾಗ ಸಭಾಪಾಲಕರೂ ಅವನೂ ಕಲ್ಲಿನ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದರು. ಇಬ್ಬರ ಕೈಯಲ್ಲೂ ಚಹಾ. ಇಬ್ಬರ ಮುಖವೂ ರಸ್ತೆಯ ಕಡೆಗೆ. ಮಾತು ನಡೆದಿತ್ತು. ನಾನು ಹತ್ತಿರ ಹೋಗದೆ ಹಣ್ಣಿನ ಅಂಗಡಿಯ ಮುಂದೆ ನಿಂತುಕೊಂಡೆ. ಒಂದು ಬಸ್ಸು ಬಂದು ಹೋಯಿತು, ಅವರು ಏಳಲಿಲ್ಲ.

ಮುಂದಿನ ಬಸ್ಸಿನಲ್ಲಿ ಪಕ್ಕಪಕ್ಕ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ. "ಅಷ್ಟು ಹೊತ್ತು ಏನ್ ಮಾತಾಡಿದ್ರಿ ಅಯ್ನೋರ?"

ಅವರು ಮುಂದಿನ ರಸ್ತೆಯನ್ನು ನೋಡುತ್ತಲೇ ಹೇಳಿದರು, "ಹೇಳ್ಲಿಕ್ಕ ಬರಂಗಿಲ್ಲ ಸಿಸ್ಟರ್. ಅದು ಅವನ ಮಾತು."